ಮೇಲಿನ ಮನೆಯ ನಲ್ಲಿ

ಕೆಳಗಿನ ಅಡುಗೆಮನೆ, ಕಿಟಕಿಯ ಪಕ್ಕ
ಗುರುವಾರ, ಇಪ್ಪತ್ತಾರನೇ ತಾರೀಖು

ಪ್ರೀತಿಯ ಅಕ್ಕಾ,

ಅಲ್ಲ, ನಿನ್ನೆ ಫೋನಿನಲ್ಲಿ ನೀನು ಹೇಳಿದ ಹಾಗೇ ಮಾಡಿದ್ದೀನಿ ಅಂದೆನಲ್ಲ, ಅದು ಸುಳ್ಳಲ್ಲ. ಆದರೆ ನೀನು ಅಷ್ಟು ಕೇಳಿದ್ದೇ "ಸದ್ಯ, ಬದುಕಿದೆ" ಎಂದು ಫೋನ್ ಇಟ್ಟುಬಿಟ್ಟೆ. ಉಳಿದದ್ದು ಹೇಳಲು ಬಿಡಲೇ ಇಲ್ಲ. ಅದಕ್ಕೇ ಈ ಕಾಗದ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಮೊದಲು ಮಂಡಿ ಹೇಗಿದೆ ಹೇಳು. ಹೊಲಿಗೆ ಬಿಚ್ಚಿದರೇ? ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡುತ್ತಿದ್ದೀಯೋ, ಇಲ್ಲ ಮಗಳು ಕೋಣೆಗೆ ಬಂದಾಗ ಮಾತ್ರ ಕಾಲೆತ್ತಿ ಇಳಿಸುತ್ತೀಯೋ? ಆಪರೇಷನ್ ಆದ ಕಾಲು, ಹಟ ಮಾಡಬೇಡ. ನಾನು ಆರಾಮಾಗಿದ್ದೇನೆ. ಬಿ.ಪಿ. ಒಂದಿಷ್ಟು ಏರಿದೆ, ಅದಕ್ಕೆ ಅರ್ಧ ನೀನು ಕಾರಣ, ಅರ್ಧ ನಾನು. ಮನೆಯೂ ಹಾಗೇ ಅಲ್ಲವೇ, ಅರ್ಧ ನಿನ್ನದು, ಅರ್ಧ ನನ್ನದು.

ಹೊಸ ಬಾಡಿಗೆ ಕಾನೂನು ಒಂದನೇ ತಾರೀಖಿನಿಂದ ಜಾರಿಗೆ ಬರುತ್ತದೆ ಎಂದು ಗೊತ್ತಾದಾಗಿನಿಂದ ನಮ್ಮ ಬೀದಿಗೆ ಜ್ವರ ಬಂದ ಹಾಗಾಗಿದೆ. ಆಮೇಲೆ ಬಾಡಿಗೆಯವರನ್ನು ಮನಸ್ಸಿಗೆ ಬಂದಾಗ ಎಬ್ಬಿಸುವ ಹಾಗಿಲ್ಲ, ತಕ್ಕ ಕಾರಣ ತೋರಿಸಬೇಕು. ಹಾಗಾಗಿ ಎಲ್ಲ ಓನರುಗಳದ್ದೂ ಈಗಲೇ ತಯಾರಿ. ಪೇಂಟ್ ಅಂಗಡಿಯವರು ಮೊನ್ನೆ ಒಂದು ಸಂಸಾರವನ್ನು ಖಾಲಿ ಮಾಡಿಸಿದರು. ಹೊಲಿಗೆ ಮಿಷನ್ನು, ಹಾಸಿಗೆ ಸುರುಳಿ, ಹೂವಿನ ಕುಂಡ ಎಲ್ಲ ಗಾಡಿಗೆ ಹೇರುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ, ಹೊರಗೆ ಹೋಗಲು ಮುಖವಿರಲಿಲ್ಲ. ಎದುರುಮನೆ ಹೆಡ್‌ಮಾಸ್ತರು, "ಇಲ್ಲಿ ವಾಸ ಇರೋದೇ ನಾನು" ಎಂದು ತೋರಿಸಲು ತಮ್ಮ ಮಂಚವನ್ನು ಬಾಡಿಗೆ ಹುಡುಗರ ಹಾಲಿಗೆ ಸಾಗಿಸಿ ಅಲ್ಲೇ ಮಲಗುತ್ತಾರೆ. ಕಾನೂನು ಏನಾದರೂ ಆಗಲಿ, ಅವರ ಗೊರಕೆಗೇ ಹುಡುಗರು ಓಡಿಹೋಗುತ್ತಾರೆ ಎಂದು ಬೀದಿಯೆಲ್ಲ ನಗು. ನನಗೆ ಮಾತ್ರ ನಗಲು ಆಗಲಿಲ್ಲ. ನಮ್ಮ ಮನೆಯ ಉಪಾಯ ಅವರದ್ದಕ್ಕಿಂತ ನಯವಾದದ್ದು, ಅಷ್ಟೇ.

ನೀನು ಆಸ್ಪತ್ರೆಯ ಮಂಚದಿಂದಲೇ ಹೇಳಿದೆ: "ಓನರ್ ಅಡುಗೆಮನೇಲಿ ಬೇಯಿಸ್ಕೊಳ್ಳೋರು ಬಾಡಿಗೆಯೋರ ಲೆಕ್ಕಕ್ಕೇ ಬರಲ್ವಂತೆ ಕಣೋ. ಮೇಲಿನ ನಲ್ಲಿ ಮುಚ್ಚಿಸು. ಆ ಗಂಡ ಹೆಂಡ್ತಿ ಕೆಳಗೆ ನಿನ್ನ ಅಡುಗೆಮನೇಗೆ ಬಂದು ಬೇಯಿಸ್ಕೊಳ್ಳಲಿ. ಆಮೇಲೆ ಒಂದು ವಾರದ ನೋಟಿಸು ಸಾಕು, ಅವಳಿಗೆ ಮಗು ಹುಟ್ಟೋ ಮುಂಚೆ ಕಳಿಸಿಬಿಡಬಹುದು." ನಾನು ಕಾನೂನಿನ ಪುಸ್ತಕ ತಂದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಇದೆ, 'ಷೇರ್ಡ್ ಅಕಾಮಡೇಷನ್', ಅಂದರೆ ಓನರ್ ಜೊತೆ ಹಂಚಿಕೊಂಡ ವಾಸ, ಎಂದು ಇದೆ. ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಮೇಜು ಕುಟ್ಟಿ "ಡಿಫೈನ್ ಯುವರ್ ಟರ್ಮ್ಸ್, ಜೆಂಟಲ್‌ಮೆನ್!" ಎನ್ನುತ್ತಿದ್ದರು, ಅದರ ಮುಂದಿನ ಪಾಠ ಏನಿತ್ತೋ ಮರೆತಿದ್ದೇನೆ. ಸರಿ, ಡಿಫೈನ್ ಮಾಡಿದೆ. ನಲ್ಲಿ ಇದ್ದರೆ ಮೇಲಿನ ಮನೆಯ ಮೆಕ್ಯಾನಿಕ್ ಮತ್ತವನ ಹೆಂಡತಿ 'ಟೆನೆಂಟ್ಸ್', ಹಕ್ಕಿರುವ ಬಾಡಿಗೆಯವರು; ನಲ್ಲಿ ಇಲ್ಲದಿದ್ದರೆ 'ಲಾಡ್ಜರ್ಸ್', ಬರೀ ಬಂದು ಹೋಗುವವರು. ಪ್ಲಂಬರನನ್ನು ಕರೆಸಿ ಮೇಲಿನ ಅಡುಗೆ ಕಟ್ಟೆಯ ನಲ್ಲಿ ಕೀಳಿಸಿ ಪೈಪಿನ ಬಾಯಿಗೆ ಮುಚ್ಚಳ ಹಾಕಿಸಿದೆ. ಪೈಪು ಸೋರಿ ಗೋಡೆ ಒದ್ದೆಯಾಗಿದೆ, ರಿಪೇರಿ ಆಗುವವರೆಗೆ ಕೆಳಗೆ ಬೇಯಿಸಿಕೊಳ್ಳಿ ಎಂದೆ. ಅವರು ಥ್ಯಾಂಕ್ಸ್ ಬೇರೆ ಹೇಳಿದರು.

ಈಗ ಈ ಅಡುಗೆಮನೆಯ ಸಂಗತಿ. ನನ್ನವಳು ಹೋದ ಮೇಲೆ ನಾನು ಇಲ್ಲಿಗೆ ಬರುತ್ತಿದ್ದದ್ದು ಕ್ಯಾಂಟೀನಿನಿಂದ ತಂದ ಪೊಟ್ಟಣ ಬಿಚ್ಚಲು ಮಾತ್ರ. ಮೆಕ್ಯಾನಿಕ್ಕಿನ ಹೆಂಡತಿ, ಈ ಹುಡುಗಿ, ಕೆಳಗೆ ಬಂದ ಮೊದಲ ದಿನವೇ ಉಪ್ಪಿನ ಡಬ್ಬಿಯ ಜಾಗ ಬದಲಿಸಿದಳು, ನನಗೆ ಮೈಯೆಲ್ಲ ಉರಿಯಿತು. ಕನ್ನಡಕದ ಅಂಗಡಿಯಲ್ಲಿ ಕೆಲಸ ಅವಳದ್ದು; ನನ್ನ ಕನ್ನಡಕ ಕಿತ್ತುಕೊಂಡು ಸೆರಗಿನಲ್ಲಿ ಒರೆಸಿ, ಚಾಕುವಿನ ತುದಿಯಲ್ಲಿ ಸ್ಕ್ರೂ ಬಿಗಿದು, "ಅಂಕಲ್, ಇದರಲ್ಲಿ ಏನಾದ್ರೂ ಕಾಣ್ಸುತ್ತಾ ನಿಮಗೆ? ಇಷ್ಟು ದಿನ ಯಾವ ಧೈರ್ಯದ ಮೇಲೆ ರಸ್ತೆ ದಾಟ್ತಿದ್ರಿ?" ಎಂದಳು. ಗಂಡ ಬಸ್ ಡಿಪೋದಿಂದ ಬಂದು, ಎಷ್ಟು ತಿಕ್ಕಿದರೂ ಹೋಗದ ಗ್ರೀಸಿನ ಕೈಯಲ್ಲಿ ಪಾತ್ರೆ ತೊಳೆಯುತ್ತ, ಅಪಸ್ವರದಲ್ಲಿ ಹಾಡುತ್ತಾನೆ. ಅವಳು ಮೂರನೇ ತಟ್ಟೆ ಇಡಲು ಶುರು ಮಾಡಿದ್ದು ಯಾವತ್ತೋ ನನ್ನ ಗಮನಕ್ಕೇ ಬರಲಿಲ್ಲ. ಸಂಜೆ ಈರುಳ್ಳಿ ಹುರಿಯುವ ವಾಸನೆ ಬಂದರೆ ನಾನು ಪೇಪರ್ ಮಡಿಸಿ ಇಟ್ಟು ಇಲ್ಲಿ ಬಂದು ಕೂರುತ್ತೇನೆ. ನೀನು ಹೇಳಿದೆ ಎಂದು ನಲ್ಲಿ ಕೀಳಿಸಿದೆ, ಸರಿ. ಆಮೇಲೆ ಅದನ್ನು ಮತ್ತೆ ಹಾಕಿಸದೆ ದಿನ ತಳ್ಳಿದ್ದು ನಿನ್ನ ಸಲುವಾಗಿ ಅಲ್ಲವೇ ಅಲ್ಲ, ಅಕ್ಕ.

ಅವಳಿಗೆ ಈಗ ಏಳು ತಿಂಗಳು. ಮಂಗಳವಾರ ಬೆಳಿಗ್ಗೆ ಇಲ್ಲಿ ಕಾಯಿಸಿದ ಬಿಸಿನೀರಿನ ಪಾತ್ರೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಕಾಲು ಜಾರಿತು. ಪಾತ್ರೆ ಉರುಳಿಕೊಂಡು ನನ್ನ ಕಾಲ ಬಳಿ ಬಂದು ನಿಂತಿತು, ನೀರು ಮೆಟ್ಟಿಲಿನಿಂದ ಮೆಟ್ಟಿಲಿಗೆ ಹಬೆಯಾಡುತ್ತ ಇಳಿಯಿತು. ಅವಳು ಕಂಬಿ ತಬ್ಬಿಕೊಂಡು ಕುಸಿದು ಕುಳಿತಿದ್ದಳು. ಏನೂ ಆಗಲಿಲ್ಲ, ಗಾಬರಿಯಾಗಬೇಡ. "ನಂಗೇನಾಗಿಲ್ಲ ಅಂಕಲ್, ನೀವು ಮೊದಲು ಕೂತ್ಕೊಳ್ಳಿ, ನಿಮ್ಮ ಮುಖ ನೋಡಕ್ಕಾಗ್ತಿಲ್ಲ" ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ನಾನು ಬಟ್ಟೆ ತಂದು ಒಂದೊಂದೇ ಮೆಟ್ಟಿಲು ಒರೆಸಿದೆ.

ಇನ್ನು ನಿನ್ನೆಯದು, ನಿನ್ನ ಫೋನ್ ಬರುವುದಕ್ಕೆ ಸ್ವಲ್ಪ ಮುಂಚಿನದು. ಆ ಪ್ಲಂಬರನ ಬಾಯಿ ನಿನಗೆ ಗೊತ್ತೇ ಇದೆ. ಡಿಪೋ ಮುಂದೆ ಟೀ ಕುಡಿಯುತ್ತ, "ನಿಮ್ಮ ಓನರ್ ಭಾರಿ ಶೋಕಿ ಬಿಡಪ್ಪ, ಗಟ್ಟಿಮುಟ್ಟಾದ ಪೈಪಿಗೆ ಬಿರಡೆ ಹಾಕಿಸ್ತಾರೆ" ಎಂದು ಮೆಕ್ಯಾನಿಕ್ಕಿಗೇ ಹೇಳಿದ್ದಾನೆ. ಅವನು ಸಂಜೆ ಬಂದವನು ಹಾಡಲಿಲ್ಲ. ಪಾತ್ರೆ ತೊಳೆದ, ಬೋರಲು ಹಾಕಿದ, ಕೈ ಒರೆಸಿಕೊಂಡ. ಹೆಂಡತಿ ಮೇಲೆ ಹೋಗುವವರೆಗೆ ಕಾದು, "ಸಾರ್, ಅವಳಿಗಿನ್ನೂ ಹೇಳಿಲ್ಲ. ನಾವು ಈ ಮನೆಯೋರಾ, ಇಲ್ಲ ಬಂದು ಹೋಗೋರಾ? ಅದೊಂದು ಬಾಯಿಬಿಟ್ಟು ಹೇಳಿಬಿಡಿ. ಹೆರಿಗೆಗೆ ಯಾವ ಆಸ್ಪತ್ರೇಲಿ ಹೆಸರು ಬರೆಸಬೇಕು ಅಂತ ನೋಡ್ಬೇಕು ನಾನು" ಎಂದ. ಗಟ್ಟಿಯಾಗಿ ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ನಾಳೆ ಹೇಳ್ತೀನಪ್ಪ ಎಂದೆ.

ನಾಳೆ ಬೆಳಿಗ್ಗೆ ಬಾಡಿಗೆ ಕಚೇರಿಯ ಅಧಿಕಾರಿಣಿ ನಮ್ಮ ಮನೆಗೆ ಬರುತ್ತಾಳೆ. ಯಾರು ಎಲ್ಲಿದ್ದಾರೆ, ಒಲೆ ಒಂದೋ ಎರಡೋ, ಎಲ್ಲ ನೋಡಿ ಬರೆದುಕೊಳ್ಳುತ್ತಾಳಂತೆ. ಆಕೆ ಒಂದು ಸಲ ಬರೆದರೆ ಮುಗಿಯಿತು. ನಿನ್ನ ಹೆದರಿಕೆ ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ. ಆ ಗಡಿಯಾರ ರಿಪೇರಿಯವನು ಮೇಲಿನ ಮನೆ ಬಿಡದೆ ಅಪ್ಪನನ್ನು ಕೋರ್ಟಿಗೆ ಎಳೆದಾಗ, ಕೈ ಹಿಡಿದು ಅವರನ್ನು ಕೋರ್ಟಿನ ಮೆಟ್ಟಿಲು ಹತ್ತಿಸಿದವಳು ನೀನು. ನಾನು ಹಾಸ್ಟೆಲಿನಲ್ಲಿ ಕೂತು ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುತ್ತಿದ್ದೆ. ಆದರೆ ಅಪ್ಪ ಸೋತದ್ದು ಯಾಕೆ ಹೇಳು? ಎಲ್ಲ ಬಾಯಿಮಾತು, ಒಂದು ಚೂರು ಬರವಣಿಗೆ ಇರಲಿಲ್ಲ. ಹೊಸ ಕಾನೂನು ಕೇಳುವುದೂ ಅದನ್ನೇ. ಕರಾರು ಬರೆಯಿರಿ, ಗೋಡೆ ಬಾಗಿಲು ಹೇಗಿವೆ ಎಂದು ಫೋಟೋ ತೆಗೆದಿಡಿ, ಒಳಗೆ ಹೋಗುವ ಮುಂಚೆ ಹೇಳಿ ಹೋಗಿ, ರಿಪೇರಿ ಹೊತ್ತಿಗೆ ಮಾಡಿಸಿ. ಬಾಡಿಗೆ ಕೊಡದಿದ್ದರೆ, ಇಲ್ಲ ನಿಜವಾಗಿ ನಮಗೇ ಮನೆ ಬೇಕಾದರೆ, ಬಿಡಿಸಿಕೊಳ್ಳುವ ದಾರಿ ಅದರಲ್ಲೇ ಇದೆ. ಎರಡು ಸಲ ಓದಿದ್ದೇನೆ, ಡಿಕ್ಷನರಿ ಸಮೇತ. ನಿನ್ನ ಮಂಡಿ ಇನ್ನು ಮೆಟ್ಟಿಲು ಹತ್ತುವ ಹಾಗಿಲ್ಲ, ಮೇಲಿನ ಮನೆ ನಮಗೆ ಬೇಕು ಎಂದರೆ ನಾವಿಬ್ಬರೂ ಸುಳ್ಳು ಹೇಳಿದ ಹಾಗೆ. ಇನ್ನೂ ಒಂದು ಬರೆಯಬೇಕಿತ್ತು, ಅಕ್ಷರದ ಮೇಲೆ ಅಕ್ಷರ ಕೂರುತ್ತಿದೆ. ನೋಡಿದರೆ ಕಿಟಕಿಯಲ್ಲಿ ಬೆಳಕೇ ಇಲ್ಲ. ನಿಲ್ಲಿಸುತ್ತೇನೆ.

ಮಗಳಿಗೆ, ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಕಾಲಿಗೆ, ನೋಯದ ಕಾಲಿಗೆ, ಇಲ್ಲಿಂದಲೇ ನಮಸ್ಕಾರ.

ನಿನ್ನ ಮಾತು ಕೇಳುವ ತಮ್ಮ

ಮರೆತೆ: ನಿನ್ನ ಅಳಿಯಂದಿರು ಕಾಗದ ಒಯ್ಯಲು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾರೆ, ದೀಪ ಹಾಕಿಕೊಂಡು ನಿಂತೇ ಬರೆಯುತ್ತಿದ್ದೇನೆ. ಮಧ್ಯಾಹ್ನವೇ ಮೇಲಿನ ನಲ್ಲಿ ಹಾಕಿಸಿಬಿಟ್ಟೆ. ಸೋರಿಕೆ ಇರಲಿಲ್ಲ ಎಂದು ಇಬ್ಬರಿಗೂ ನಾನೇ ಹೇಳಿದೆ. ಅವಳು ತನ್ನ ಪಾತ್ರೆಗಳನ್ನೆಲ್ಲ ಗಂಡನ ಕೈಯಲ್ಲಿ ಮೇಲೆ ಕಳಿಸಿದಳು. ಮೂರು ವರ್ಷದ ಕರಾರು ಇದೇ ಕವರಿನಲ್ಲಿದೆ, ನನ್ನ ಸಹಿ ಆಗಿದೆ; ಇಬ್ಬರು ಓನರುಗಳದ್ದೂ ಬೇಕಂತೆ. ಬೈಯಬೇಕಾದ್ದೆಲ್ಲ ಬೈ, ಆದರೆ ಸಹಿ ಹಾಕಿ ಬೈ. ಹಾಗೇ, ಒಂದು ಲೋಟ ಅಕ್ಕಿಗೆ ಎಷ್ಟು ನೀರಿಡಬೇಕು? ಬೈಯುವ ಮಧ್ಯೆ ಅದನ್ನೂ ಹೇಳು.