ರಟ್ಟಿನ ಊರಿನ ಒಂದು ಬೀದಿ

ಅಕ್ಕಾ,

ನಮ್ಮ ರಟ್ಟಿನ ಊರನ್ನು ಇವತ್ತು ಸಭಾಂಗಣದಿಂದ ತೆರವು ಮಾಡಿದರು. ಗೋಡೆಗೆ ಬಣ್ಣ ಹೊಡೆಸಬೇಕಂತೆ. ಬೆಳಿಗ್ಗೆ ಫೋನ್ ಮಾಡಿ ತಿಳಿಸಿದವರು ಅಲ್ಲಿನ ಕಾವಲುಗಾರರು.

ಹೋಗಿ ನೋಡಿದೆ. ನಾವು ವಾಸ್ತುಶಿಲ್ಪಿಗಳೆಲ್ಲ ರಜೆಯ ದಿನ ಸೇರಿ, ಸಂಬಳವಿಲ್ಲದೆ, ಊರಿನ ಪ್ರತಿ ಕಟ್ಟಡದ ಮಾದರಿ ಮಾಡಲು ಹೊರಟಿದ್ದೆವಲ್ಲ, ಒಬ್ಬೊಬ್ಬರೂ ತಮ್ಮ ಮನೆಯಿರುವ ಬೀದಿಯನ್ನೇ ಆರಿಸಿಕೊಂಡಿದ್ದರು. ಯಾರ ಮನೆಯೂ ಇಲ್ಲದ ಕಡೆ ಬರೀ ಮೇಜು ಉಳಿದಿತ್ತು. ಸೇತುವೆಯಿಲ್ಲ, ಆಸ್ಪತ್ರೆಯಿಲ್ಲ. ಅರ್ಧಂಬರ್ಧ ಚಾವಣಿಗಳ ಮೇಲೆ ಕಿಟಕಿಯ ಬಿಸಿಲು ಸರಿಯುವಾಗ, ಇಡೀ ಊರು ನಿದ್ದೆಯಲ್ಲೇ ಮೆಲ್ಲಗೆ ತೇಲುತ್ತಿರುವಂತೆ ಕಂಡಿತು.

ಪೂರ್ತಿಯಾಗಿದ್ದದ್ದು ನೀನು ಮಾಡಿದ ನಮ್ಮ ಬೀದಿಯೊಂದೇ. ಅದರಲ್ಲಿ ದೀಪದ ಕಂಬಗಳಿದ್ದವು. ಅಮ್ಮ ಬಟ್ಟೆ ಒಣಹಾಕುವ ತಂತಿಯೂ ಇತ್ತು.

"ಮೊದಲು ಎಲ್ಲರೂ ಸೇರಿ ಒಂದು ಬೀದಿ ಮುಗಿಸೋಣ ಕಣೋ. ಊರೇನು ಓಡಿಹೋಗುತ್ತಾ?" ಎಂದಿದ್ದೆ ನೀನು. ಅಷ್ಟರಲ್ಲಿ ನಾನು ಇಡೀ ಊರಿನ ನಕ್ಷೆಯನ್ನು ಗೋಡೆಗೆ ಅಂಟಿಸಿಯಾಗಿತ್ತು. ನೀನು ನಕ್ಕು, ಕತ್ತರಿ ಹಿಡಿದು, ಒಬ್ಬಳೇ ಮೂಲೆಯಲ್ಲಿ ಕುಳಿತೆ. ನಿನಗೆ ಆಗಲೇ ಕೆಮ್ಮು ಶುರುವಾಗಿತ್ತು. ಆಸ್ಪತ್ರೆಗೆ ಸೇರಿದವಳು ನೀನು ಮತ್ತೆ ಮನೆಗೆ ಬರಲೇ ಇಲ್ಲ. ಸೇರುವ ಹಿಂದಿನ ದಿನವೂ ನೀನು ಆ ತಂತಿ ಕಟ್ಟುತ್ತಿದ್ದೆಯಂತೆ. ಕಾವಲುಗಾರರು ಇವತ್ತು ಹೇಳಿದರು.

"ಇದೂ ರದ್ದಿಗೇನಾ ಸಾರ್?" ಎಂದು ಅವರು ಕೇಳಿದರು.

"ಬೇಡ. ಇದು ನಮ್ಮನೆ."

"ಹಾಗಾದ್ರೆ ನಿಧಾನಕ್ಕೆ ಎತ್ತಿ. ಒಳಗೆ ಯಾರಾದ್ರೂ ಮಲಗಿರ್ತಾರೆ."

ನಿನ್ನ ಬೀದಿಯನ್ನು ಇಡಲು ಗ್ರಂಥಾಲಯದವರು ಓದುವ ಕೋಣೆಯಲ್ಲಿ ಒಂದು ಮೇಜು ಕೊಟ್ಟಿದ್ದಾರೆ. ಭಾನುವಾರ ಹತ್ತು ಗಂಟೆಗೆ ಎಲ್ಲರೂ ಅಲ್ಲಿ ಸೇರಿ, ನಿನ್ನ ಬೀದಿಗೆ ತಾಗಿದ ಬೀದಿಯನ್ನು, ಅದೊಂದನ್ನೇ, ಶುರುಮಾಡುತ್ತೇವೆ.