ಸೋಸುವ ಉಸುಕಿನಲ್ಲಿ ಉಳಿದದ್ದು

ಕುಡಿಯುವ ನೀರಿನ ಗುಣಮಟ್ಟ ನೋಡಿಕೊಳ್ಳುವ ಮೇಲಧಿಕಾರಿಗಳೇ,

ನೀವು ಹೊಳೆಯ ನೀರನ್ನು ಪರೀಕ್ಷಿಸಿದಿರಿ, ಹೊಳೆಯ ಉಸುಕನ್ನು ಮುಟ್ಟಲಿಲ್ಲ. ನೀರು ನಿರ್ಮಲ ಎಂದು ಬರೆದಿರಿ, ನನ್ನ ತಾಯಿಯನ್ನು ಮಲಿನ ಎಂದಿರಿ. ಪ್ರಾಸ ತಾನಾಗಿ ಬಂತು, ಕ್ಷಮಿಸಿ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿದವನಿಗೆ ದುಃಖವೂ ಕೆಲವೊಮ್ಮೆ ಸಾಲುಗಟ್ಟಿ ಬರುತ್ತದೆ.

ನಮ್ಮೂರು ದೇವದುರ್ಗ ತಾಲೂಕಿನಲ್ಲಿ, ಕೃಷ್ಣೆಯ ದಂಡೆಗೆ. ಮನೆಮನೆಗೆ ನಲ್ಲಿ ಬಂದಿದೆ. ನೀರು ಅದರ ಹಿಂದೆಯೇ ಹೊರಟಿದೆಯಂತೆ, ಇನ್ನೂ ತಲುಪಿಲ್ಲ. ಶುದ್ಧ ನೀರಿನ ಘಟಕಕ್ಕೆ ಬೀಗ, ಊರಿಗೆ ರೋಗ. ಮೇಲಿನ ಊರುಗಳ ಚರಂಡಿ ಹಳ್ಳಕ್ಕೆ, ಹಳ್ಳ ಹೊಳೆಗೆ ಬೀಳುವುದನ್ನು ಕಣ್ಣಾರೆ ಕಂಡ ನನ್ನವ್ವ ಬಸವಂತಮ್ಮ ಹರಿಯುವ ನೀರು ಕುಡಿಯುವುದನ್ನು ಬಿಟ್ಟು ವರ್ಷಗಳಾದವು. ಬೇಸಿಗೆಯಲ್ಲಿ ಅವಳು ದಂಡೆಯ ಉಸುಕಿನಲ್ಲಿ ಮೊಣಕೈ ಆಳದ ವರ್ತಿ, ಅಂದರೆ ಒರತೆಯ ಗುಂಡಿ, ತೋಡುತ್ತಾಳೆ. ಮೊದಲು ಒಸರಿದ ಕದಡು ನೀರನ್ನು ಚೆಲ್ಲಿ, ತಿಳಿಯಾಗುವ ತನಕ ಕಾದು ಕೂತು, ಬಟ್ಟಲಿನಿಂದ ಕೊಡಕ್ಕೆ ತುಂಬಿ, ಮನೆಗೆ ಬಂದು ಮತ್ತೆ ಅರಿವೆಯಲ್ಲಿ ಸೋಸುತ್ತಾಳೆ. "ಹೊಳಿ ಹೊಲಸಾದ್ರೂ ಉಸುಕು ಸೋಸ್ತದ" ಎಂಬುದು ಅವಳ ಅವ್ವನ ಕಾಲದ ಮಾತು. ಸೋಸುವುದು ನಿಜವೇ. ಸೋಸಿದ್ದು ಎಲ್ಲಿ ಉಳಿಯುತ್ತದೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಈ ಬೇಸಿಗೆ ರಜೆಗೆ ಮಾನ್ವಿಯಿಂದ ನನ್ನ ತಂಗಿ ಶೈಲಜಾಳ ಮಗಳು ಪ್ರಿಯದರ್ಶಿನಿ ಅಜ್ಜಿಯ ಮನೆಗೆ ಬಂದಿದ್ದಳು. ಒಂದನೇ ತರಗತಿ ಮುಗಿಸಿದ ಹುಡುಗಿ. ವರ್ತಿ ತಿಳಿಯಾಗುವ ತನಕ ಹಸಿ ಉಸುಕಿನಲ್ಲಿ ಕಾಲು ಹೂತು ಗುಬ್ಬಿಗೂಡು ಕಟ್ಟುತ್ತಿದ್ದಳು.

"ಅಜ್ಜೀ, ನಿನ್ ಗೂಡು ಬಿತ್ತು, ನಂದು ನಿಂತದ ನೋಡು!"

"ನಿಂದು ಗುಬ್ಬಿ ಕಾಲು, ನಂದು ಎಮ್ಮಿ ಕಾಲು. ಬೀಳದ ಏನ್ ಮಾಡ್ತದ?"

ಅದೇ ಕೈಯಲ್ಲಿ ಮಂಡಾಳು ತಿನ್ನುವುದು, ಅದೇ ವರ್ತಿಯ ನೀರು ಕುಡಿಯುವುದು. ಆಮೇಲೆ ವಾಂತಿಭೇದಿ. ದೇವದುರ್ಗದಲ್ಲಿ ಸಲೈನ್ ಹಚ್ಚಿ ರಾಯಚೂರಿಗೆ ಕಳಿಸಿದರು. ನಾನು ಇಲ್ಲಿ ರಾಯಚೂರಿನಲ್ಲೇ ಅಕ್ಕಿ ಗಿರಣಿಯಲ್ಲಿ ಗುಮಾಸ್ತ; ಓಡಿಹೋಗಿ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದೆ. ಆಂಬುಲೆನ್ಸಿನಿಂದ ಮೊದಲು ಇಳಿದವಳು ಅವ್ವ. ಅವಳ ಮುಖ ನೋಡಿದ ಮೇಲೆ ಒಳಗೆ ನೋಡುವುದು ಬೇಕಾಗಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನಿಮ್ಮವರೊಬ್ಬರು ಬಾಟಲಿ ಹಿಡಿದು ಬಂದರು. ಆ ವಾರ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರಿಂದ ಹೊಳೆ ತೊಳೆದಿಟ್ಟಂತಿತ್ತು. ನಡುನೀರಿಗಿಳಿದು ತುಂಬಿಕೊಂಡರು.

"ಸಾಹೇಬ್ರ, ನಾವು ಕುಡಿಯೂದು ಅದನ್ನಲ್ರೀ, ಈ ವರ್ತಿದು. ಇಲ್ಲಿದೂ ಒಂದೀಟು ತಗೋರಿ" ಎಂದಳು ಅವ್ವ.

"ಅದು ಉಸುಕಿನಾಗ ಅದ ಯವ್ವಾ. ಉಸುಕು ನಮ್ಮ ಇಲಾಖೆಗೆ ಬರಂಗಿಲ್ಲ."

ಹೌದಲ್ಲವೇ? ಉಸುಕು ಟ್ರ್ಯಾಕ್ಟರ್ ಏರಿದರೆ ಸರ್ಕಾರದ್ದು, ದಂಡೆಯ ಮೇಲೆ ಬಿದ್ದಿದ್ದರೆ ಅನಾಥ. ನೀರಿಗೆ ಪರೀಕ್ಷೆ, ಉಸುಕಿಗೆ ಉಪೇಕ್ಷೆ, ಮುದುಕಿಗೆ ಶಿಕ್ಷೆ. ನಿಮ್ಮ ವರದಿ ಹೀಗಿತ್ತು: "ನದಿ ನೀರು ಸುರಕ್ಷಿತವಾಗಿದ್ದು, ಮರಣಕ್ಕೆ ಮನೆಯವರ ಅಶುಚಿತ್ವವೇ ಕಾರಣವಾಗಿರುತ್ತದೆ." ಅಷ್ಟು ಖಾತ್ರಿ ನಿಮಗೆ ಯಾವ ಬಾಟಲಿಯಲ್ಲಿ ಸಿಕ್ಕಿತು?

ನಾನು ದಂಡೆಯ ಉಸುಕು ಕಟ್ಟಿಕೊಂಡು, ರಾಯಚೂರಿನ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುವ ವಿಶಾಖಾ ಮೇಡಂ ಬಳಿ ಹೋದೆ. ಅವರು ವಿವರಿಸಿದರು: ಚರಂಡಿಯ ಬ್ಯಾಕ್ಟೀರಿಯಾ ಹರಿಯುವ ನೀರಿನಲ್ಲಿ ಬಿಸಿಲಿಗೆ ಸಾಯುತ್ತವೆ, ಇಲ್ಲವೇ ಕೊಚ್ಚಿಹೋಗುತ್ತವೆ. ಹಸಿ ಉಸುಕಿನೊಳಗೆ ಬಿಸಿಲಿಲ್ಲ, ತೇವವಿದೆ, ಕೊಳೆತದ್ದು ತಿನ್ನಲಿಕ್ಕಿದೆ. ಹರಳು ಹರಳಿಗೆ ಲೋಳೆಯಾಗಿ ಅಂಟಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕುತ್ತವೆ; ಕೆದಕಿದರೆ ನೀರಿಗಿಳಿಯುತ್ತವೆ. ಸಮುದ್ರದ ದಂಡೆಗಳಲ್ಲಿ ನೀರಿಗಿಂತ ಉಸುಕಿನಲ್ಲೇ ಹೆಚ್ಚು ಸಿಕ್ಕಿದ್ದುಂಟಂತೆ. ಪರೀಕ್ಷಿಸಿದ ಮೇಲೆ ಮೇಡಂ ಹೇಳಿದರು: "ಇದ್ರಾಗ ತುಂಬ್ಯಾವ್ರಿ. ಆದ್ರ ಮಗು ಹೋಗಿದ್ದು ಇದ್ರಿಂದನ ಅಂತ ನಾ ಬರದು ಕೊಡಾಕ ಆಗಂಗಿಲ್ಲ." ತಿಳಿಯದ್ದನ್ನು ತಿಳಿಯದು ಎಂದರು. ನಿಮ್ಮ ಕಚೇರಿಯೂ ಅಷ್ಟೇ ಹೇಳಿದ್ದರೆ ಸಾಕಿತ್ತು.

ಪಂಚಾಯಿತಿಯಲ್ಲಿ ಓದಿದ ನಿಮ್ಮ ಆ ಸಾಲು ಮಾನ್ವಿಗೂ ಮುಟ್ಟಿತು. ಶೈಲಜಾ ಬೈಯಲಿಲ್ಲ. ಬೈದಿದ್ದರೆ ಅವ್ವ ಒಮ್ಮೆ ಗಟ್ಟಿಯಾಗಿ ಅತ್ತು ಹಗುರಾಗುತ್ತಿದ್ದಳು. "ಅವ್ವ ಉಂಡಾಳೇನಣ್ಣಾ?" ಎಂದು ನನ್ನನ್ನು ಕೇಳುತ್ತಾಳೆ, ಅವ್ವನ ಕೈಗೆ ಫೋನು ಕೊಡಲೇ ಎಂದರೆ ಕಟ್ ಮಾಡುತ್ತಾಳೆ. ಅವ್ವ ಈಗ ಯಾರಿಗೂ ನೀರು ಕೊಡುವುದಿಲ್ಲ. ಬಂದವರಿಗೆ ಮಾತಿಗೂ ಮೊದಲು ಚರಿಗೆ ನೀರು ಕೊಡುವ ಸೀಮೆ ನಮ್ಮದು. ಅವಳು ಕೈ ಸೆರಗಿನೊಳಗೆ ಮುಚ್ಚಿಕೊಂಡು, "ನೀರು ನೀವ ತಗೋರಿ, ನನ್ ಕೈ ಛಲೋ ಇಲ್ಲ" ಎನ್ನುತ್ತಾಳೆ. ಮೇಡಂ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. "ನೀ ಮಗ, ಹಂಗ ಅಂತಿ. ಸರ್ಕಾರದೋರು ಬರದಾರಲ್ಲೋ" ಎಂದಳು.

ದಂಡೆಯ ಉಸುಕನ್ನೂ ಪರೀಕ್ಷಿಸಿ. ವರ್ತಿ ತೋಡುವಲ್ಲಿ ಎಚ್ಚರಿಕೆಯ ಫಲಕ ನೆಡಿ. ಘಟಕದ ಬೀಗ ತೆಗೆಯಿರಿ. ಇವಕ್ಕೆಲ್ಲ ಟೆಂಡರು, ಮಂಜೂರಾತಿ ಎನ್ನುತ್ತೀರಿ, ಗೊತ್ತು. ಇನ್ನೊಂದಕ್ಕೆ ಯಾರ ಮಂಜೂರಾತಿಯೂ ಬೇಡ: ಆ ಸಾಲನ್ನು ಹಿಂದಕ್ಕೆ ಪಡೆಯಿರಿ. ಕಾಗದದಲ್ಲಿ ಪಡೆದರೆ ಸಾಲದು, ಅವ್ವನಿಗೆ ಓದಲು ಬರುವುದಿಲ್ಲ. ನೀವೇ ಬನ್ನಿ. ಶೈಲಜಾಳನ್ನು ಕರೆತರುವ ಹೊಣೆ ನನ್ನದು. ಅವಳ ಎದುರಿಗೇ, "ಯವ್ವಾ, ನಿನ್ನ ತಪ್ಪಂತ ಬರದಿದ್ದು ನಮ್ಮ ತಪ್ಪು" ಎನ್ನಿ. ಅವ್ವನ ಎಡಗಿವಿ ಮಂದ. ತುಸು ಗಟ್ಟಿಯಾಗಿ ಹೇಳಿ.

ಇಂತಿ,
ನಿಮ್ಮ ವರದಿಯಲ್ಲಿರುವ ಅಶುಚಿ ಮನೆಯ ಮಗ,
ಚನ್ನವೀರ
ರಾಯಚೂರು