ಏಳನೆಯ ಯಂತ್ರದ ಬಾಯಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.10

ಮಹಾಸಭೆಯ ಮಾನ್ಯ ಸದಸ್ಯರೇ, ಪಂಡಿತರೇ, ಪಾಮರರೇ, ಹಿಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ಮಹನೀಯರೇ! ಹದಿನಾಲ್ಕು ಯಂತ್ರಗಳ ಕಾವಲುಗಾರನಾದ ನಾನು ತಮ್ಮ ಮುಂದೆ ಕೈಮುಗಿದು ನಿಂತಿದ್ದೇನೆ. ಯಂತ್ರ ಎಂದರೆ ಪೂರ್ತಿ ಯಂತ್ರವೂ ಅಲ್ಲ. ವರ್ಚುವಲ್ ಮಷೀನ್. ಮುಟ್ಟಲು ಮೈಯಿಲ್ಲ, ತಟ್ಟಲು ಬೆನ್ನಿಲ್ಲ. ಎಲ್ಲೋ ದೂರದ ಕಟ್ಟಡದ ಒಂದೇ ಕಬ್ಬಿಣದ ಪೆಟ್ಟಿಗೆಯಲ್ಲಿ ಹದಿನಾಲ್ಕೂ ಕೂಡುಕುಟುಂಬ ಮಾಡಿಕೊಂಡಿವೆ. ಒಂದೊಂದರಲ್ಲಿ ಒಂದೊಂದು ಸ್ಕ್ರಿಪ್ಟ್. ಹೇಳಿದ ಹೊತ್ತಿಗೆ ಹೇಳಿದ ಕೆಲಸ, ಎದುರುತ್ತರವಿಲ್ಲ. ನನಗೆ ಕಾಣುವುದು ಪರದೆಯ ಮೇಲಿನ ಹದಿನಾಲ್ಕು ಚುಕ್ಕಿ.

ಹಸಿರಿದ್ದರೆ ಉಸಿರು, ಕೆಂಪಾದರೆ ಕೆಸರು. ಸ್ವಂತ ಪ್ರಾಸ. ಮಾನಿಟರಿನ ಅಂಚಿಗೆ ಅಂಟಿಸಿದ್ದೇನೆ.

ಇವತ್ತಿನ ಅನ್ಯಾಯ: ಪಾಳಿ ಬದಲಾಗುವಾಗ ಬರೆದಿಡುವ ಟಿಪ್ಪಣಿ ಇನ್ನು ಮುಂದೆ ಇಂಗ್ಲಿಷಿನಲ್ಲೇ ಇರಬೇಕಂತೆ. ಕ್ಲೈಂಟ್ ಓದುತ್ತಾರೆ ಎಂದರು ಮ್ಯಾನೇಜರು. ಆರು ವರ್ಷದಲ್ಲಿ ಯಾವ ಕ್ಲೈಂಟೂ ಓದಿಲ್ಲ. ಓದುವುದು ನಾವು ಮೂವರು. ಮೂವರ ಮನೆಮಾತೂ ಒಂದೇ.

ಮಾರ್ಚ್ 4, ಮಂಗಳವಾರ. ಮಧ್ಯಾಹ್ನ 2.15

ಏಳನೆಯದರ ಗೋಳು. ಅದರ ಸ್ಕ್ರಿಪ್ಟಿನದು ಒಂದೇ ಕೆಲಸ — ಊರಿನ ಆಸ್ಪತ್ರೆಯಲ್ಲಿ ಮಕ್ಕಳ ಲಸಿಕೆ ಇಟ್ಟಿರುವ ಶೀತಲಕೋಣೆಯ ಉಷ್ಣತೆಯನ್ನು ಹತ್ತು ನಿಮಿಷಕ್ಕೊಮ್ಮೆ ಓದುವುದು, ಏರಿದರೆ ಕೂಗುವುದು. ಅಲ್ಲಿನವರು ಬಾಗಿಲು ತೆರೆದು ನಿಂತು ಹರಟುತ್ತಾರೆ. ಇದು ಇಲ್ಲಿ ಕಿರುಚುತ್ತದೆ. ಫೋನ್ ಮಾಡಿದರೆ 'ಏನಿಲ್ಲ ಬಿಡಿ, ಬಾಗಿಲು ತೆಗೆದಿದ್ವಿ' ಎನ್ನುತ್ತಾರೆ. ಕೂಗುವ ಮಟ್ಟ ಸ್ವಲ್ಪ ಸರಿಪಡಿಸಿ ಎಂದು ಮೂರು ಟಿಕೆಟ್, ಅಂದರೆ ಕಂಪ್ಯೂಟರಿನಲ್ಲಿ ದೂರು, ಹಾಕಿದೆ. ಮೂರನ್ನೂ ಮ್ಯಾನೇಜರು ಮುಚ್ಚಿದರು. ಟಿಕೆಟ್ ಮುಚ್ಚಲು ಅವರಿಗೆ ಎಷ್ಟು ಹುರುಪು!

ಮಾರ್ಚ್ 6, ಗುರುವಾರ. ಮಧ್ಯಾಹ್ನ 3.50

ಬೆಳಗಿನಿಂದ ಹನ್ನೊಂದು ಸಲ ಕೂಗಿತು. ಬಾಯಿ ಮುಚ್ಚಿಸಿದೆ. ಚುಕ್ಕಿ ಬೂದಿ ಬಣ್ಣಕ್ಕೆ ತಿರುಗಿತು. ಅಬ್ಬಾ, ಶಾಂತಿ.

ನಾಳೆಗೆ ಒಂದು ಪದ್ಯ ಬೇಕಿತ್ತು. ಶನಿವಾರ-ಭಾನುವಾರದ ಪಾಳಿಯ ಹುಡುಗಿ — ಪಿಸುಗುಟ್ಟಿದಂತೆ ಮಾತಾಡುವುದರಿಂದ ನಮ್ಮೆಲ್ಲರ ಬಾಯಲ್ಲಿ ಕಿರುದನಿ — ಸೇರಿ ನಾಳೆಗೆ ಒಂದು ವರ್ಷ. ಬರೆದೆ:

ಚುಕ್ಕಿ ಕೆಂಪಾದರೆ ಸುಮ್ಮನೆ ಕೂರಳು,
ತಪ್ಪು ಯಾರದೇ ಇರಲಿ ಬೆರಳು ತೋರಳು.

ಚೆನ್ನಾಗಿದೆ. ನನ್ನ ಮಟ್ಟಿಗೆ.

ಮಾರ್ಚ್ 11, ಮಂಗಳವಾರ. ಸಂಜೆ 6.30

ಸಭಾಸದರೇ, ಕೇಳಿರಿ ಈ ದೇಶದ... ಬೇಡ, ನೆಟ್ಟಗೆ ಬರೆಯುತ್ತೇನೆ.

ಶನಿವಾರ ಬೆಳಿಗ್ಗೆ ಶೀತಲಕೋಣೆಯ ಮೋಟಾರು ನಿಂತಿದೆ. ಸೋಮವಾರ ಬೆಳಗಿನವರೆಗೂ ಯಾರಿಗೂ ತಿಳಿದಿಲ್ಲ. ಲಸಿಕೆಯೆಲ್ಲ ಹಾಳು. ಅವತ್ತು ನಲವತ್ತು ತಾಯಂದಿರು ಎಂಟು ಗಂಟೆಯಿಂದ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕಾದು ವಾಪಸ್. ಅವರಲ್ಲಿ ನನ್ನ ತಂಗಿಯೂ ಒಬ್ಬಳು. ಇವತ್ತು ಮನೆಗೆ ಬಂದು ಮಗುವನ್ನು ಮಂಚದ ಮೇಲೆ ಮಲಗಿಸಿದಳು, ಬೈಗುಳ ಬಿಚ್ಚಿದಳು.

"ನೋಡ್ಕೊಳ್ಳೋಕೆ ಅಂತ ಯಾರೋ ಒಬ್ಬರು ಇರ್ತಾರಂತೆ ಅಣ್ಣ. ಕುರ್ಚಿಗೆ ಮಾತ್ರ ಡ್ಯೂಟಿ, ಕಣ್ಣಿಗೆ ರಜೆ. ಇನ್ನೊಂದು ತಿಂಗಳು ಕಾಯ್ಬೇಕಂತೆ. ಅಷ್ಟರಲ್ಲಿ ಇದಕ್ಕೇನಾದ್ರೂ ಅಂಟಿಕೊಂಡ್ರೆ?"

ನಾನೂ ಅವಳ ಜೊತೆ ಸೇರಿ ಬೈದೆ. ಮೋಟಾರು ರಿಪೇರಿ ಮಾಡದವರನ್ನು, ಬಾಗಿಲು ತೆರೆದಿಡುವವರನ್ನು, ಟಿಕೆಟ್ ಮುಚ್ಚುವವರನ್ನು. ಅವಳಿಗಿಂತ ಗಟ್ಟಿಯಾಗಿ.

ಅವಳು ಹೋದ ಮೇಲೆ ಹೆಂಡತಿ, ಅದು ನಿಮ್ಮ ಏಳನೆಯದೇ ಅಲ್ಲವಾ ಎಂದು ಕೇಳಿದಳು. ಶನಿವಾರ ನನ್ನ ಪಾಳಿ ಅಲ್ಲ ಎಂದೆ. ಕೇಳಿದ್ದು ಅದಲ್ಲ ಎನ್ನುವಂತೆ ನೋಡಿ ಒಳಗೆ ಹೋದಳು.

ಮಾರ್ಚ್ 12, ಬುಧವಾರ. ಮಧ್ಯಾಹ್ನ 1.20

ವಿಚಾರಣೆಯಂತೆ ವಿಚಾರಣೆ! ಹತ್ತು ನಿಮಿಷ. ಕುರ್ಚಿ ಎಳೆಯಲು ಹಿಡಿದ ಹೊತ್ತೂ ಸೇರಿ. ಮ್ಯಾನೇಜರು ಕೇಳಿದ್ದು ಒಂದೇ ಪ್ರಶ್ನೆ, ಶನಿವಾರ ಸೀಟಿನಲ್ಲಿ ಯಾರಿದ್ದರು ಎಂದು. ಕಿರುದನಿ ಎದ್ದು ನಿಂತಳು.

"ನಾನಿದ್ದೆ ಸರ್. ಚುಕ್ಕಿ ಬೂದಿ ಬಣ್ಣ ಇತ್ತು, ಕೆಂಪಾಗಿರ್ಲಿಲ್ಲ."

"ಬೂದಿ ಅಂದ್ರೆ ಏನು ಅಂತ ಕೇಳ್ಬೇಕು ಅನ್ನಿಸ್ಲಿಲ್ವಾ?"

ಅವಳು ಕೈಯಲ್ಲಿದ್ದ ಫೋನಿನ ಕಡೆ ನೋಡಿದಳು. ಆಮೇಲೆ ಕೂತಳು.

ಬೂದಿ ಮಾಡಿದವರು ಯಾರು ಎಂದು ಯಾರೂ ಕೇಳಲಿಲ್ಲ. ಕೇಳಿದರೂ ದಾಖಲೆಯಲ್ಲಿ ಸಿಗುವುದು 'ಆಪರೇಟರ್' ಎಂಬ ಒಂದೇ ಹೆಸರು. ಮೂವರಿಗೂ ಸೇರಿ ಒಂದೇ ಲಾಗಿನ್, ಒಂದೇ ಪಾಸ್‌ವರ್ಡ್ — ಧರ್ಮಛತ್ರದ ಬೀಗದ ಕೈ ಇದ್ದ ಹಾಗೆ. ಇದು ಆಡಳಿತವೋ, ಆಟಿಕೆಯೋ?

ತೀರ್ಮಾನ ಶುಕ್ರವಾರ ಹನ್ನೊಂದಕ್ಕೆ. ಅವಳನ್ನು ತೆಗೆಯುತ್ತಾರೆ. ತೆಗೆದರೆ ಪತ್ರದಲ್ಲಿ 'ನಿರ್ಲಕ್ಷ್ಯ' ಎಂದು ಬರೆಯುತ್ತಾರೆ. ಆ ಪತ್ರ ಹಿಡಿದವರಿಗೆ ಈ ಕೆಲಸದಲ್ಲಿ ಮತ್ತೆ ಎಲ್ಲೂ ಕುರ್ಚಿ ಇಲ್ಲ. ನನ್ನ ರಕ್ತ ಕುದಿಯುತ್ತಿದೆ. ನಾನು ಸುಮ್ಮನಿರುವವನಲ್ಲ.

ಮಾರ್ಚ್ 13, ಗುರುವಾರ. ಸಂಜೆ 5.40

ನಿಘಂಟು ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷಿನಲ್ಲೇ ಎರಡು ಪುಟ ಪ್ರತಿಭಟನೆ ಬರೆದೆ. ಅವಳ ಪರವಾಗಿ. ಮುಚ್ಚಿದ ಟಿಕೆಟ್ಟು, ಹಂಚಿಕೊಂಡ ಲಾಗಿನ್, ಹಳೆಯ ಮೋಟಾರು... ಒಟ್ಟು ಎಂಟು ಕಾರಣ. ಒಂದೊಂದೂ ಸತ್ಯ. ಮೆಟ್ಟಿಲ ಹತ್ತಿರ ಅವಳ ಕೈಗೆ ಕೊಟ್ಟೆ. ಗೋಡೆಗೆ ಒರಗಿ ನಿಂತು ಪೂರ್ತಿ ಓದಿದಳು. ಮಡಿಸಿ ವಾಪಸ್ ಕೊಟ್ಟಳು.

"ಒಂಬತ್ತನೇದು ಬಿಟ್ಟಿದೀರ, ಪ್ರಾಸಣ್ಣ."

ಆಫೀಸಿನಲ್ಲಿ ನನ್ನನ್ನು ಕರೆಯುವುದು ಹಾಗೆ. ಯಾವತ್ತೂ ಇಷ್ಟು ಚುಚ್ಚಿರಲಿಲ್ಲ. ಅವಳೇನೂ ಚುಚ್ಚಲೆಂದು ಅನ್ನಲಿಲ್ಲ. ಫೋನ್ ತೆಗೆದು ತೋರಿಸಿದಳು. ಶನಿವಾರ ಬೆಳಿಗ್ಗೆ 10.20. ಅವಳ ಮೆಸೇಜು: ಏಳನೇದು ಬೂದಿ ಆಗಿದೆ, ನೀವೇನಾದ್ರೂ ಮಾಡಿದ್ರಾ? ಕೆಳಗೆ ನನ್ನ ಉತ್ತರ: ಏಳರದು ಬರೀ ಗೋಳು, ನೀ ಹಾಯಾಗಿ ಬಾಳು.

ನಗುವ ಮುಖದ ಎರಡು ಚಿತ್ರ ಬೇರೆ.

ನಿನ್ನೆ ಮೀಟಿಂಗಿನಲ್ಲೇ ತೋರಿಸಬಹುದಿತ್ತಲ್ಲ ಎಂದೆ.

"ಕೈಯಲ್ಲೇ ಹಿಡ್ಕೊಂಡಿದ್ದೆ. ನೀವೇ ಹೇಳ್ತೀರಿ ಅಂತ ಕಾದೆ. ನಾಳೆನೂ ಹನ್ನೊಂದರ ತನಕ ಕಾಯ್ತೀನಿ."

ಅಷ್ಟೇ ಹೇಳಿ ಇಳಿದು ಹೋದಳು.

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ 10.35

ಮಹಾಸಭೆಯ ಮಾನ್ಯ —

ಯಾವ ಸಭೆ. ಯಾರೂ ಇಲ್ಲ. ಮೀಟಿಂಗ್ ರೂಮಿನ ಹೊರಗಿನ ಬೆಂಚು, ಮಂಡಿಯ ಮೇಲೆ ಈ ಪುಸ್ತಕ.

ಬಾಯಿ ಮುಚ್ಚಿಸುವ ಗುಂಡಿ ಒತ್ತಿದರೆ ಮೂರು ಆಯ್ಕೆ ಬರುತ್ತದೆ. ಒಂದು ಗಂಟೆ. ಒಂದು ದಿನ. ತೆಗೆಯುವವರೆಗೂ. ನಾನು ಒತ್ತಿದ್ದು ಮೂರನೆಯದು. ಕೈತಪ್ಪಿ ಅಲ್ಲ, ಓದಿಯೇ ಒತ್ತಿದೆ. ಪದ್ಯದ ಎರಡನೆಯ ಸಾಲು ಬರುತ್ತಿರಲಿಲ್ಲ. ಟಿಪ್ಪಣಿಯಲ್ಲಿ ಬರೆಯಲಿಲ್ಲ. ಇಂಗ್ಲಿಷಿನಲ್ಲಿ ಬರೆಯಬೇಕು ಎಂಬ ಸಿಟ್ಟು. ನನ್ನ ಸಿಟ್ಟಿಗೆ ಲಸಿಕೆ ಏನು ಮಾಡಿತ್ತು?

ಮರೆತೆ ಎನ್ನಬಹುದು. ಮರೆತಿರಲಿಲ್ಲ. ಶನಿವಾರ ಅವಳು ಕೇಳಿದಾಗ ತಂಗಿಯ ಮನೆಯಲ್ಲಿದ್ದೆ. ಮಗು ತೊಡೆಯ ಮೇಲಿತ್ತು. ಎದ್ದು ಲ್ಯಾಪ್‌ಟಾಪ್ ತೆರೆಯಲು ಬೇಜಾರಾಯಿತು. ಪ್ರಾಸ ಥಟ್ಟನೆ ಹೊಳೆಯಿತು, ಕಳಿಸಿಬಿಟ್ಟೆ.

ಸೋಮವಾರ ಎಲ್ಲರಿಗಿಂತ ಮೊದಲು ಬಂದವನು ನಾನೇ. 8.05. ಬೂದಿ ತೆಗೆದೆ. ಚುಕ್ಕಿ ಕೆಂಪಾಯಿತು, ಕೂಗಿತು. ಆಗ ತಾನೇ ಕೇಳಿಸಿದವನ ಹಾಗೆ ಮ್ಯಾನೇಜರಿಗೆ ಫೋನ್ ಮಾಡಿದೆ. ಭೇಷ್ ಅಂದರು.

ಎರಡು ಪುಟ ಹರಿದು ಹಾಕಿದೆ. ಒಂಬತ್ತನೆಯದೊಂದೇ ಹೇಳುತ್ತೇನೆ, ಕನ್ನಡದಲ್ಲೇ.

10.56. ಕಿರುದನಿ ಬಂದಳು. ಬೆಂಚಿನ ಆ ತುದಿಗೆ ಕೂತಳು. ಫೋನ್ ಬ್ಯಾಗಿನಲ್ಲೇ ಇದೆ. ಬಾಗಿಲು ತೆರೆಯಿತು. ಮೊದಲು ಅವಳನ್ನು ಕರೆದರು. ಮೊದಲು ನಾನು ಬರುತ್ತೇನೆ ಎಂದೆ. ಎದ್ದು —